ಕರಿದ ಎಣ್ಣೆಯಲ್ಲಿ ಡೀಸೆಲ್ ಇಂಜಿನ್: ಬೆಂಗಳೂರಲ್ಲಿ ಎಣ್ಣೆ ಎಲ್ಲಿ ಸಿಗುತ್ತೆ, ಹೇಗೆ ಸೋಸಬೇಕು?

ಮಾಗಡಿರೋಡ್ ತೋಟ:

ಎಲ್ಲರಿಗೂ ನಮಸ್ಕಾರ. ಮಾಗಡಿ ರೋಡ್ ಕಡೆ ನಮ್ಮದೊಂದು ಸಣ್ಣ ತೋಟ ಇದೆ. ಕೃಷಿ ಹೊಂಡದಿಂದ ನೀರೆತ್ತೋಕೆ ಹಳೇ ಕಿರ್ಲೋಸ್ಕರ್ ಇಂಜಿನ್, 5 ಎಚ್‌ಪಿ, ಸಿಂಗಲ್ ಸಿಲಿಂಡರ್, ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡೋದು. ಬೇಕಾದ ಹೊತ್ತಿಗೆ ಥ್ರೀ ಫೇಸ್ ಕರೆಂಟ್ ಇರಲ್ಲ, ಹಾಗಾಗಿ ಡೀಸೆಲ್ ಖರ್ಚು ಜಾಸ್ತಿ ಆಗುತ್ತಿದೆ. ನಮ್ಮ ಭಾವ ಬಸವನಗುಡಿಯಲ್ಲಿ ಹೋಟೆಲ್ ನಡೆಸುತ್ತಾರೆ. ವಡೆ, ಪೂರಿ, ಬೋಂಡ ಕರಿದ ಎಣ್ಣೆ ಅವರಲ್ಲಿ ಉಳಿಯುತ್ತೆ, ಬೇಕಾದ್ರೆ ತಗೊಂಡು ಹೋಗು ಅಂತಾರೆ.

ಊರಲ್ಲಿ ಒಬ್ಬರು ಪಂಚೆಯಲ್ಲಿ ಸೋಸಿ ಡೀಸೆಲ್ ಜೊತೆ ಹಾಕು, ಓಡುತ್ತೆ ಅಂದರು. ಇನ್ನೊಬ್ಬರು ಇಂಜಿನ್ ಹಾಳಾಗುತ್ತೆ, ಮುಟ್ಟಲೇಬೇಡ ಅಂದರು. ಯಾವುದು ನಿಜ? ಎಣ್ಣೆ ಸೋಸೋ ಸರಿಯಾದ ಕ್ರಮ ಏನು? ಭಾವನ ಹೋಟೆಲ್ ಒಂದರಿಂದಲೇ ಸಾಲಲ್ಲ, ಬೇರೆ ಎಲ್ಲಿ ಕೇಳಬಹುದು? ಮನೆಯಲ್ಲಿ ಒಂದು ಕಾಮನ್ ರೈಲ್ ಡೀಸೆಲ್ ಕಾರೂ ಇದೆ, ಅದಕ್ಕೂ ಹಾಕಬಹುದಾ ಅನ್ನೋದನ್ನೂ ಹೇಳಿ.

ಪಂಪ್ ನಾಜಲ್:

ತೋಟದವರೇ, ನಾನು ಇಂಜಿನ್‌ಗೆ ಡೀಸೆಲ್ ಒತ್ತುವ ಪಂಪ್, ಅದನ್ನು ಒಳಗೆ ಸಿಂಪಡಿಸುವ ನಾಜಲ್, ಇವುಗಳ ಕೆಲಸ ಮಾಡುವವನು. ಕಾರಿನ ವಿಷಯ ಮೊದಲು ಮುಗಿಸೋಣ. ಬೇಡ. ಕಾಮನ್ ರೈಲ್ ಅಂದರೆ ಒಂದೇ ಪೈಪಿನಲ್ಲಿ ಭಾರೀ ಒತ್ತಡದ ಡೀಸೆಲ್ ತುಂಬಿಟ್ಟು ಎಲ್ಲಾ ಇಂಜೆಕ್ಟರ್‌ಗೂ ಕೊಡೋದು, ಅದರ ಪ್ರೆಷರ್ 1,600 ಬಾರ್ ದಾಟುತ್ತೆ, ಇಂಜೆಕ್ಟರ್ ಒಳಗಿನ ಕೆಲಸ ಅಷ್ಟು ಸೂಕ್ಷ್ಮ. ಅದಕ್ಕೆ ಕರಿದ ಎಣ್ಣೆ ಹಾಕಿ ಉಳಿಸುವ ದುಡ್ಡು ಒಂದು ಇಂಜೆಕ್ಟರ್ ಬಿಲ್‌ಗೂ ಸಾಲಲ್ಲ.

ನಿಮ್ಮ ಕಿರ್ಲೋಸ್ಕರ್ ಬೇರೆ ಮಾತು. ನಿಧಾನಕ್ಕೆ ಓಡುವ, ಒಂದೇ ಲೋಡಿನಲ್ಲಿ ಗಂಟೆಗಟ್ಟಲೆ ಕೆಲಸ ಮಾಡುವ ಗಟ್ಟಿ ಇಂಜಿನ್. ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಹೊಂಗೆ ಎಣ್ಣೆ, ಜಟ್ರೋಫಾ ಅಂತ ಪ್ರಾಜೆಕ್ಟ್ ಮಾಡುವ ಹುಡುಗರು ಹೆಚ್ಚಾಗಿ ಇದೇ ತರದ ಇಂಜಿನ್ ಮೇಲೇ ಮಾಡೋದು.

ಆದರೂ ಪಂಚೆಯಲ್ಲಿ ಸೋಸಿ ಹಾಕು ಅನ್ನುವ ಮಾತು ಒಪ್ಪಲ್ಲ. ಡೀಸೆಲ್ ಪಂಪಿನ ಒಳಗೆ ಓಡಾಡುವ ಪ್ಲಂಜರ್ ಕಡ್ಡಿಗೂ ಅದರ ಕೊಳವೆ ಬ್ಯಾರಲ್‌ಗೂ ನಡುವೆ ಇರುವ ಸಂದು 2ರಿಂದ 4 ಮೈಕ್ರಾನ್ ಅಷ್ಟೇ, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಪಂಚೆ ದಾಟಿ ಬರುವ ಕಡಲೆಹಿಟ್ಟಿನ ಕಣ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಜೊತೆಗೆ ಉಪ್ಪು ಇರುತ್ತೆ, ನೀರು ಇರುತ್ತೆ. ನೀರು, ಉಪ್ಪು ಎರಡೂ ಸೇರಿ ಪ್ಲಂಜರ್ ಮೇಲೆ ತುಕ್ಕಿನ ಚುಕ್ಕೆ ಬಿತ್ತು ಅಂದರೆ ಆ ಪ್ಲಂಜರ್-ಬ್ಯಾರಲ್ ಜೋಡಿ ಮುಗೀತು, ಬದಲಾಯಿಸಲೇಬೇಕು.

ಇನ್ನೊಂದು ತೊಂದರೆ ದಪ್ಪದ್ದು. ದ್ರವದ ದಪ್ಪ ಅಳೆಯೋದು ಸೆಂಟಿಸ್ಟೋಕ್ಸ್‌ನಲ್ಲಿ, 40 ಡಿಗ್ರಿಯಲ್ಲಿ ಡೀಸೆಲ್ ಸುಮಾರು 2ರಿಂದ 4.5 ಸೆಂಟಿಸ್ಟೋಕ್ಸ್. ಅಡುಗೆ ಎಣ್ಣೆ 30ರಿಂದ 40, ಕರಿದು ಕರಿದು ಹಳತಾದದ್ದು ಇನ್ನೂ ಜಾಸ್ತಿ. ಹಾಗಾಗಿ ಮಂಜಾಗಿ ಸಿಂಪಡಿಸಬೇಕಾದ ನಾಜಲ್ ಪಿಚಕಾರಿ ತರ ಗೆರೆ ಹೊಡೆಯುತ್ತೆ. ಅದು ಪೂರ್ತಿ ಉರಿಯಲ್ಲ. ಉರಿಯದ ಎಣ್ಣೆ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದು ಇಂಜಿನ್ ಆಯಿಲ್ ಜೊತೆ ಸೇರುತ್ತೆ, ಬಿಸಿಗೆ ಅಲ್ಲೇ ಗಟ್ಟಿಯಾಗುತ್ತೆ. ಇಂಥ ಇಂಜಿನ್ನುಗಳ ನಾಜಲ್ ನನ್ನ ಹತ್ತಿರ ಬರುತ್ತವೆ. ಟೆಸ್ಟರ್‌ಗೆ ಹಾಕಿ ಲಿವರ್ ಒತ್ತಿದರೆ ಸರಿಯಿರುವ ನಾಜಲ್ ಕರ್ರ್ ಅಂತ ಸದ್ದು ಮಾಡಿ ಸಮವಾಗಿ ಸಿಂಪಡಿಸಿ ಟಕ್ ಅಂತ ನಿಲ್ಲುತ್ತೆ, ಇವು ಸದ್ದೇ ಮಾಡಲ್ಲ, ಒಂದು ಕಡೆಗೆ ಉಗುಳುತ್ತವೆ, ತುದಿಯಲ್ಲಿ ಹನಿ ನಿಂತಿರುತ್ತೆ, ರಂಧ್ರದ ಸುತ್ತ ಕಾರ್ಬನ್ ದಪ್ಪಗೆ ಕಟ್ಟಿರುತ್ತೆ.

ದಾರಿ ಮೂರಿದೆ. ಚೆನ್ನಾಗಿ ಶುದ್ಧ ಮಾಡಿದ ಎಣ್ಣೆಯನ್ನು ಡೀಸೆಲ್ ಜೊತೆ ಸ್ವಲ್ಪ ಬೆರೆಸೋದು, ಐದರಲ್ಲಿ ಒಂದು ಪಾಲು ಮೀರದ ಹಾಗೆ. ಇಲ್ಲಾ ಎರಡು ಟ್ಯಾಂಕ್ ಇಟ್ಟು, ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ಎಣ್ಣೆಯನ್ನು 70-80 ಡಿಗ್ರಿಗೆ ಬಿಸಿ ಮಾಡಿ ಅದಕ್ಕೆ ಬದಲಿಸಿ, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್‌ಗೆ ಬಂದು ಲೈನ್ ತೊಳೆಯೋದು. ಮೂರನೆಯದು ಬಯೋಡೀಸೆಲ್, ಅಂದರೆ ಎಣ್ಣೆಗೆ ಮೆಥನಾಲ್ ಅನ್ನೋ ಆಲ್ಕೊಹಾಲ್ ಸೇರಿಸಿ ಡೀಸೆಲ್ ತರ ತೆಳ್ಳಗೆ ಮಾಡಿದ ಇಂಧನ. ಮೂರಕ್ಕೂ ಎಣ್ಣೆ ಕ್ಲೀನ್ ಆಗಿರಬೇಕು, ಒಣಗಿರಬೇಕು. ಅದೇ ಮುಕ್ಕಾಲು ಕೆಲಸ.

ಅಡುಗೆ ಕಾಂಟ್ರಾಕ್ಟ್:

ಎಣ್ಣೆ ಎಲ್ಲಿ ಸಿಗುತ್ತೆ ಅನ್ನೋದಕ್ಕೆ ನಾನು ಹೇಳ್ತೀನಿ, ಕೇಟರಿಂಗ್ ನಮ್ಮ ಮನೆ ಕೆಲಸ.

ಬೀದಿಬದಿ ಬಜ್ಜಿ ಗಾಡಿಗೂ ಚಿಪ್ಸ್ ಅಂಗಡಿಗೂ ಹೋಗಿ ಸುಮ್ನೆ ಟೈಮ್ ಹಾಳು ಮಾಡಬೇಡಿ. ಅವರ ಬಾಣಲೆಯಲ್ಲಿ ಎಣ್ಣೆ ಉಳಿಯೋದೇ ಇಲ್ಲ. ಕರಿದ ತಿಂಡಿ ಎಣ್ಣೆ ಹೀರುತ್ತೆ, ಕಡಿಮೆಯಾದಷ್ಟು ಹೊಸದು ಸುರಿಯುತ್ತಾರೆ, ದಿನಾ ಅದೇ ನಡೆಯುತ್ತೆ. ವಿ.ವಿ.ಪುರಂ ತಿಂಡಿ ಬೀದಿ ನೋಡಿದರೆ ಇಲ್ಲಿ ಡ್ರಮ್‌ಗಟ್ಟಲೆ ಸಿಗುತ್ತೆ ಅನ್ನಿಸುತ್ತೆ, ಆದರೆ ಹಾಗಲ್ಲ.

ನಿಜವಾಗಿ ಎಣ್ಣೆ ಉಳಿಯೋದು ಒಂದೇ ಸಲ ಜಾಸ್ತಿ ಕರಿದು ನಿಲ್ಲಿಸುವ ಕಡೆ. ಕಲ್ಯಾಣ ಮಂಟಪ, ಮದುವೆ ಅಡುಗೆ, ಕಂಪನಿ ಕ್ಯಾಂಟೀನ್, ಹಾಸ್ಟೆಲ್, ದೊಡ್ಡ ಹೋಟೆಲ್. ಮದುವೆಯಲ್ಲಿ ಹಪ್ಪಳ, ಸಂಡಿಗೆ, ಬೋಂಡ, ಜಿಲೇಬಿ ಎಲ್ಲಾ ಆದ ಮೇಲೆ ಬಾಣಲೆಯಲ್ಲಿ ಉಳಿದದ್ದನ್ನು ಭಟ್ಟರು ಟಿನ್‌ಗೆ ಬಗ್ಗಿಸಿ ಇಡುತ್ತಾರೆ. ಅದು ಒಂದೇ ದಿನ ಕಾದ ಎಣ್ಣೆ, ಹೋಟೆಲ್ ಎಣ್ಣೆಗಿಂತ ಎಷ್ಟೋ ವಾಸಿ. ಆದರೆ ಆಷಾಢ, ಧನುರ್ಮಾಸದಲ್ಲಿ ಅದನ್ನು ನಂಬಿಕೊಂಡು ಕೂರೋ ಹಾಗಿಲ್ಲ.

ಕೇಳುವಾಗ ಎರಡು ಮಾತು ಒಪ್ಪಿಸಿ. ಎಣ್ಣೆ ಆರಿದ ಮೇಲೆ ಒಣಗಿದ ಟಿನ್‌ಗೆ ಹಾಕಬೇಕು, ತೊಳೆದ ನೀರು ಅದರಲ್ಲಿ ಬೀಳಬಾರದು. ಚಿಕನ್ ಕಬಾಬ್, ಮೀನು ಕರಿದ ಎಣ್ಣೆ ಬೇರೆ ಟಿನ್‌ಗೆ. ಅದರಲ್ಲಿ ಕೊಬ್ಬು, ನೀರು, ಮಸಾಲೆ ಎಲ್ಲಾ ಸೇರಿ ಬೇಗ ಕೆಟ್ಟು ವಾಸನೆ ಬರುತ್ತೆ.

ಇನ್ನೊಂದು ವಿಷಯ, ಇದು ನನಗೆ ತುಂಬಾ ಮುಖ್ಯ. ಹಳೇ ಎಣ್ಣೆಗೆ ಒಳ್ಳೆ ರೇಟ್ ಕೊಟ್ಟು ಒಯ್ಯುವ ಜನ ಇದ್ದಾರೆ. ಎಲ್ಲಿಗೆ ಒಯ್ಯುತ್ತಾರೆ ಅಂತ ಕೇಳಿದರೆ ಉತ್ತರ ಇರಲ್ಲ. ಒಂದಿಷ್ಟು ಮತ್ತೆ ಯಾವುದೋ ಬಾಣಲೆಗೇ ಹೋಗುತ್ತೆ, ಅದನ್ನು ತಿನ್ನೋದು ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಜನ. ಹಾಗಾಗಿ ನಿಮ್ಮಂಥವರು ಇಂಜಿನ್‌ಗೆ ಅಂತ ಕೇಳಿಕೊಂಡು ಬಂದರೆ ನಮಗೆ ಖುಷಿ, ಆದರೆ ಅದು ಇಂಜಿನ್‌ಗೇ ಹೋಗುತ್ತೆ ಅನ್ನೋ ಭರವಸೆ ಬೇಕು.

ಮಾಗಡಿರೋಡ್ ತೋಟ:

ತುಂಬಾ ಧನ್ಯವಾದ ಮೇಡಂ. ಹೀಗೆ ತಗೊಂಡು ಹೋಗೋದು ಕಾನೂನು ಪ್ರಕಾರ ಸರಿನಾ? ಭಾವನಿಗೆ ತೊಂದರೆ ಆಗಬಾರದು.

ಅಡುಗೆ ಕಾಂಟ್ರಾಕ್ಟ್:

ಕೇಳಿದ್ದು ಒಳ್ಳೇದಾಯ್ತು. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ 2018ರ ಜುಲೈ 1ರಿಂದ ಒಂದು ಮಿತಿ ಇದೆ. ಎಣ್ಣೆ ಪದೇಪದೇ ಕಾದು ಕೆಟ್ಟಾಗ ಹುಟ್ಟುವ ಟೋಟಲ್ ಪೋಲಾರ್ ಕಾಂಪೌಂಡ್ ಅನ್ನೋದು ಶೇಕಡಾ 25 ದಾಟಿದರೆ ಅಡುಗೆಗೆ ಬಳಸೋ ಹಾಗಿಲ್ಲ. ಅದನ್ನು ನೋಡೋಕೆ ಬಿಸಿ ಎಣ್ಣೆಯಲ್ಲಿ ಅದ್ದುವ ಮೀಟರ್ ಬರುತ್ತೆ. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಬಳಸುವವರು 2019ರ ಮಾರ್ಚ್ 1ರಿಂದ ಲೆಕ್ಕ ಬರೆದಿಡಬೇಕು, ಉಳಿದ ಎಣ್ಣೆಯನ್ನು ಮಾನ್ಯತೆ ಇರುವ ಸಂಗ್ರಹಕಾರರಿಗೇ ಕೊಡಬೇಕು. ಇದಕ್ಕೇ 2018ರ ಆಗಸ್ಟ್‌ನಲ್ಲಿ ರುಕೋ ಅಂತ ಕಾರ್ಯಕ್ರಮ ಶುರು ಮಾಡಿದ್ದು, ಕರಿದ ಎಣ್ಣೆ ಬಯೋಡೀಸೆಲ್‌ಗೆ ಹೋಗಲಿ ಅಂತ.

ಅಂದರೆ ದೊಡ್ಡ ಕ್ಯಾಂಟೀನ್‌ನವರು ನಿಮಗೆ ಕೊಡಲ್ಲ, ಕೊಡಬಾರದು ಕೂಡ. ಭಾವನ ಹೋಟೆಲ್ ಚಿಕ್ಕದಾಗಿದ್ದರೆ ಒಂದು ಪುಸ್ತಕದಲ್ಲಿ ತಾರೀಖು, ಎಷ್ಟು ಲೀಟರ್, ಯಾರಿಗೆ, ಯಾತಕ್ಕೆ ಅಂತ ಬರೆದು ಸಹಿ ಹಾಕಿಸಿಕೊಳ್ಳಲಿ. ಅನುಮಾನ ಇದ್ದರೆ ಆಹಾರ ಸುರಕ್ಷತಾ ಅಧಿಕಾರಿಯನ್ನೇ ಕೇಳಿಬಿಡಲಿ.

ಪೀಣ್ಯ ಶಿಫ್ಟ್:

ನನ್ನದೂ ಒಂದು ಪ್ರಶ್ನೆ. ಗ್ಯಾರೇಜ್‌ಗಳಲ್ಲಿ ಸಿಗುವ ವೇಸ್ಟ್ ಇಂಜಿನ್ ಆಯಿಲ್ ಇದಕ್ಕಿಂತ ಸುಲಭವಾಗಿ ಸಿಗುತ್ತೆ ಅಲ್ವಾ? ಅದನ್ನೇ ಸೋಸಿ ಹಾಕಿದರೆ?

ಪಂಪ್ ನಾಜಲ್:

ಬೇಡ ತಮ್ಮಾ. ಕಪ್ಪು ಆಯಿಲ್‌ನಲ್ಲಿ ಸವೆದ ಲೋಹದ ಪುಡಿ, ಮಸಿ, ಸತುವಿನ ಅಂಶ ಎಲ್ಲಾ ಇರುತ್ತೆ, ಉರಿದ ಮೇಲೆ ಬೂದಿ ಉಳಿಯುತ್ತೆ. ಅದರ ಹೊಗೆ ಕುಡಿಯೋದು ಪಂಪ್ ಪಕ್ಕ ನಿಂತವರು. ಅದು ಅಪಾಯಕಾರಿ ತ್ಯಾಜ್ಯ ಅಂತ 2016ರ ನಿಯಮದಲ್ಲೇ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ರೀ-ರಿಫೈನರ್‌ಗೆ ಕೊಡಬೇಕು, ಅವರು ಅದನ್ನು ಶುದ್ಧ ಮಾಡಿ ಮತ್ತೆ ಬೇಸ್ ಆಯಿಲ್, ಅಂದರೆ ಹೊಸ ಆಯಿಲ್‌ಗೆ ಬೇಕಾದ ಮೂಲ ಎಣ್ಣೆ, ಮಾಡುತ್ತಾರೆ. ನಾವು ಡ್ರಮ್ ತುಂಬಿದ ಮೇಲೆ ಅವರಿಗೇ ಕೊಡೋದು. ಅಡುಗೆ ಎಣ್ಣೆ ಟಿನ್‌ಗೆ ಇದು ಒಂದು ಲೋಟ ಬಿದ್ದರೂ ಆ ಟಿನ್ ಪೂರ್ತಿ ಬೇರೆ ಇಡಿ.

ಕೆಮಿಸ್ಟ್ರಿ ಮೇಡಂ:

ಸೋಸುವ ವಿಷಯಕ್ಕೆ ಬರೋಣ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ, ನಮ್ಮ ಲ್ಯಾಬಿನಲ್ಲಿ ಹುಡುಗರಿಂದ ಈ ಕೆಲಸ ಮಾಡಿಸಿದ್ದೇವೆ.

ಎಲ್ಲರೂ ಮೊದಲು ಫಿಲ್ಟರ್ ಯಾವುದು ತರಲಿ ಅಂತ ಕೇಳುತ್ತಾರೆ. ಫಿಲ್ಟರ್ ಕೊನೆಯಲ್ಲಿ. ಮೊದಲು ಬೇಕಾಗಿರೋದು ತಾಳ್ಮೆ. ಸ್ಟೀಲ್ ಜರಡಿಯಲ್ಲಿ ದೊಡ್ಡ ಚೂರೆಲ್ಲಾ ತೆಗೆದು, ಎಣ್ಣೆಯನ್ನು ಡ್ರಮ್‌ಗೆ ತುಂಬಿ, 60 ಡಿಗ್ರಿಯ ಹತ್ತಿರ ಬಿಸಿ ಮಾಡಿ, ಉರಿ ನಿಲ್ಲಿಸಿ, ಅಲ್ಲಾಡಿಸದೆ ಬಿಟ್ಟುಬಿಡಿ. ಬಿಸಿಯಲ್ಲಿ ಎಣ್ಣೆ ತೆಳ್ಳಗಾಗಿ ನೀರು, ಹಿಟ್ಟು, ಉಪ್ಪು ಬೇಗ ತಳಕ್ಕೆ ಕೂರುತ್ತವೆ. ಕಡೇ ಪಕ್ಷ ಒಂದು ವಾರ ಬಿಡಿ, ಎರಡು ವಾರ ಆದರೆ ಇನ್ನೂ ಒಳ್ಳೇದು. ಡ್ರಮ್‌ಗೆ ಎರಡು ನಲ್ಲಿ ಇರಲಿ. ತಳದಲ್ಲಿ ಒಂದು, ಗಸಿ ಬಿಡೋಕೆ. ತಳದಿಂದ ಒಂದು ಗೇಣು ಮೇಲೆ ಇನ್ನೊಂದು, ತಿಳಿ ಎಣ್ಣೆ ತೆಗೆಯೋಕೆ. ಹಿತ್ತಾಳೆ ನಲ್ಲಿ, ತಾಮ್ರದ ಪೈಪ್ ಬೇಡ. ತಾಮ್ರ ತಾಗಿದರೆ ಎಣ್ಣೆ ಬೇಗ ಅಂಟಂಟಾಗಿ ಹಾಳಾಗುತ್ತೆ. ಸ್ಟೀಲ್ ಹಾಕಿ.

ಈಗ ಬೆಂಗಳೂರಿಗೇ ಸಂಬಂಧಪಟ್ಟ ಒಂದು ವಿಷಯ. ನಮ್ಮಲ್ಲಿ ಹೋಟೆಲ್‌ಗಳು ಬಳಸೋದು ಹೆಚ್ಚಾಗಿ ಪಾಮ್ ಎಣ್ಣೆ, ಮನೆ ಅಡುಗೆಗೆ ಸೂರ್ಯಕಾಂತಿ. ಡಿಸೆಂಬರ್, ಜನವರಿ ಬೆಳಗ್ಗೆ 15-16 ಡಿಗ್ರಿಗೆ ಇಳಿದಾಗ ಪಾಮ್ ಎಣ್ಣೆ ಮಬ್ಬಾಗಿ, ತಳದಲ್ಲಿ ಬಿಳಿ ಕೊಬ್ಬು ಕೂರುತ್ತೆ. ಹಾಗಾಗಿ ಕೊನೆಯ ಸೋಸುವಿಕೆಯನ್ನು ಬಿಸಿಯಲ್ಲಿ ಮಾಡಬೇಡಿ. ಬಿಸಿಯಲ್ಲಿ ಈ ಕೊಬ್ಬು ಕರಗಿ ಫಿಲ್ಟರ್ ದಾಟಿ ಹೋಗುತ್ತೆ, ಮರುದಿನ ಬೆಳಗ್ಗೆ ಇಂಜಿನ್‌ನ ಫಿಲ್ಟರ್‌ನಲ್ಲಿ ಗಟ್ಟಿಯಾಗಿ ಲೈನ್ ಕಟ್ಟುತ್ತೆ. ಬಿಸಿಯಲ್ಲಿ ಕೂರಿಸಿ, ತಣ್ಣಗಿದ್ದಾಗ ಸೋಸಿ. ನಿಧಾನ ಆಗುತ್ತೆ, ಪರವಾಗಿಲ್ಲ. ಪಂಚೆ ಮೊದಲ ಹಂತಕ್ಕೆ ಸಾಕು, ಆಮೇಲೆ ಫೆಲ್ಟ್ ಬ್ಯಾಗ್ 25 ಮೈಕ್ರಾನ್, 5 ಮೈಕ್ರಾನ್, ಸಾಧ್ಯವಾದರೆ 1 ಮೈಕ್ರಾನ್. ಹಾಗಂತ ಸೂರ್ಯಕಾಂತಿ ಎಣ್ಣೆಯೇ ಮೇಲು ಅಂದುಕೊಳ್ಳಬೇಡಿ. ಚಳಿಗೆ ಅದು ಕಟ್ಟಲ್ಲ, ನಿಜ, ಆದರೆ ಗಾಳಿ, ಬಿಸಿಗೆ ಬೇಗ ಅಂಟಾಗಿ ವಾರ್ನಿಷ್ ಕಟ್ಟೋದು ಅದೇ. ತುಂಬಾ ದಿನ ಶೇಖರಿಸಿ ಇಡಬೇಡಿ.

ನೀರಿನ ಪರೀಕ್ಷೆ ಸುಲಭ. ಒಣ ಬಾಣಲೆ ಚೆನ್ನಾಗಿ ಕಾಯಿಸಿ ಒಂದು ಚಮಚ ಎಣ್ಣೆ ಬಿಡಿ. ಸಾಸಿವೆ ಹಾಕದೆಯೇ ಚಟಪಟ ಅಂದರೆ, ಗುಳ್ಳೆ ಎದ್ದರೆ, ನೀರಿದೆ. ಸದ್ದಿಲ್ಲದೆ ಹರಡಿದರೆ ಒಣಗಿದೆ. ಮುಖ ದೂರ ಇಟ್ಟುಕೊಂಡು ಮಾಡಿ. ಆದರೆ ನೀರು ತೆಗೆಯೋಕೆ ಅಂತ ಡ್ರಮ್ಮನ್ನೇ ಒಲೆ ಮೇಲಿಟ್ಟು 100 ಡಿಗ್ರಿ ದಾಟಿಸಬೇಡಿ. ತಳದ ನೀರು ಒಮ್ಮೆಲೇ ಆವಿಯಾಗಿ ಕಾದ ಎಣ್ಣೆಯನ್ನು ಹೊರಗೆ ಎಸೆಯುತ್ತೆ. ಇದರಲ್ಲಿ ಮೈ ಸುಟ್ಟುಕೊಳ್ಳುವುದು ಕ್ಷಣದ ಮಾತು.

ಮಾಗಡಿರೋಡ್ ತೋಟ:

ಮೇಡಂ, ಎಣ್ಣೆ ನೋಡೋಕೆ ತಿಳಿಯಾಗಿದ್ದರೆ ಸಾಕಾ? ಬಯೋಡೀಸೆಲ್ಲೇ ಮಾಡಿಬಿಟ್ಟರೆ ಹೇಗೆ?

ಕೆಮಿಸ್ಟ್ರಿ ಮೇಡಂ:

ಬಣ್ಣ ನೋಡಿ ಹೇಳೋಕೆ ಆಗಲ್ಲ. ಎಣ್ಣೆ ಪದೇಪದೇ ಕಾದಾಗ ಒಡೆದು ಆಮ್ಲ ಬಿಡುತ್ತೆ. ಆ ಆಮ್ಲ ಡೀಸೆಲ್ ಪಂಪನ್ನು ತಿನ್ನುತ್ತೆ, ಬಯೋಡೀಸೆಲ್ ಮಾಡುವಾಗ ಸೋಪ್ ಆಗಿ ಕೆಲಸ ಕೆಡಿಸುತ್ತೆ. ಅಳೆಯುವ ಕ್ರಮ ಹೀಗೆ: 1 ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 1 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ ಇಟ್ಟುಕೊಳ್ಳಿ. 10 ಎಂಎಲ್ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ 1 ಎಂಎಲ್ ಎಣ್ಣೆ ಕಲೆಸಿ, ಚಿಟಿಕೆ ಅರಿಶಿನ ಹಾಕಿ, ಆ ಸೋಡಾ ನೀರನ್ನು ಸಿರಿಂಜ್‌ನಲ್ಲಿ ಹನಿಹನಿಯಾಗಿ ಬಿಡಿ. ಆರತಿ ನೀರಿಗೆ ಅರಿಶಿನ ಸುಣ್ಣ ಹಾಕಿದಾಗ ಕೆಂಪಾಗುತ್ತಲ್ಲ, ಅದೇ ಕೆಂಪು ಬಂದು ಅರ್ಧ ನಿಮಿಷ ನಿಂತರೆ ನಿಲ್ಲಿಸಿ. ಎಷ್ಟು ಎಂಎಲ್ ಹಿಡಿಯಿತು ನೋಡಿ. ಒಂದು ಎಂಎಲ್ ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಪರ್ಸೆಂಟ್ ಆಮ್ಲ. ಎರಡು ಮೂರು ಎಂಎಲ್ ಒಳಗಿದ್ದರೆ ಒಳ್ಳೇ ಎಣ್ಣೆ. ಐದಾರು ದಾಟಿದರೆ ಆ ಟಿನ್ ನಿಮಗೆ ಬೇಡ, ಸಂಗ್ರಹ ಮಾಡುವವರಿಗೆ ಕೊಟ್ಟುಬಿಡಿ.

ಬಯೋಡೀಸೆಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ತೋಟದ ಶೆಡ್‌ನಲ್ಲಿ ಶುರು ಮಾಡಬೇಡಿ. ಅದಕ್ಕೆ ಎಣ್ಣೆಯ ಐದನೇ ಒಂದು ಪಾಲು ಮೆಥನಾಲ್ ಬೇಕು. ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತೆ, ಜೀವವೂ ಹೋಗುತ್ತೆ. ಆವಿ ಕುಡಿದರೂ, ಚರ್ಮಕ್ಕೆ ತಾಗಿದರೂ ಮೈಗೆ ಸೇರುತ್ತೆ. 65 ಡಿಗ್ರಿಗೇ ಕುದಿಯುತ್ತೆ, ಹೊತ್ತಿಕೊಂಡರೆ ಹಗಲು ಬೆಳಕಲ್ಲಿ ಜ್ವಾಲೆ ಸರಿಯಾಗಿ ಕಾಣೋದೇ ಇಲ್ಲ. ಅದನ್ನು ಕೊಳ್ಳೋಕೆ, ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕು. ಲ್ಯಾಬಿನಲ್ಲಿ ಗಾಳಿ ಎಳೆಯುವ ಫ್ಯೂಮ್ ಹುಡ್ ಕೆಳಗೆ, ಕೈಗವಸು ಕನ್ನಡಕ ಹಾಕಿಸಿ ಮಾಡಿಸುವಾಗಲೂ ನಾನು ಪಕ್ಕದಿಂದ ಕದಲಲ್ಲ. ಮಾಡಿದ ಮೇಲೂ ತಳದಲ್ಲಿ ಗ್ಲಿಸರಿನ್ ಉಳಿಯುತ್ತೆ, ಎಣ್ಣೆಯ ಹತ್ತನೇ ಒಂದು ಪಾಲಿನಷ್ಟು, ಅದರಲ್ಲೂ ಮೆಥನಾಲ್ ಸೇರಿರುತ್ತೆ, ಗಿಡದ ಬುಡಕ್ಕೆ ಸುರಿಯೋ ಹಾಗಿಲ್ಲ. ತಯಾರಾದ ಬಯೋಡೀಸೆಲ್‌ಗೆ ಐಎಸ್ 15607 ಅನ್ನೋ ಮಾನದಂಡ ಇದೆ, ಅದನ್ನು ಮುಟ್ಟಿದ್ದೇವಾ ಅಂತ ಮನೆಯಲ್ಲಿ ತಿಳಿಯೋಕೆ ಆಗಲ್ಲ.

ಹೊಂಗೆ ನೆರಳು:

ಇದನ್ನೆಲ್ಲಾ ಓದಿ ಖುಷಿಯಾಯ್ತು. ನಮ್ಮ ಐಐಎಸ್ಸಿಯಿಂದಲೇ ಹೊಂಗೆ ಎಣ್ಣೆಯಿಂದ ಹಳ್ಳಿಗಳಲ್ಲಿ ಡೀಸೆಲ್ ಜನರೇಟರ್ ಓಡಿಸಿ ನೀರೆತ್ತುವ ಕೆಲಸ ವರ್ಷಗಳ ಹಿಂದೆಯೇ ನಡೆದಿದೆ. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಬಯೋಫ್ಯೂಯಲ್ ಪಾರ್ಕ್ ಇದೆ. ತೋಟದ ಬೇಲಿಗೆ ಹೊಂಗೆ ಇದ್ದರೆ ಬೀಜ ಬಿಡಬೇಡಿ. ಬೀಜ ಎಣ್ಣೆಗೆ ಗಾಣಕ್ಕೆ, ಹಿಂಡಿ ಗೊಬ್ಬರಕ್ಕೆ. ಕರಿದ ಎಣ್ಣೆಯಲ್ಲಿರುವ ಉಪ್ಪು, ಹಿಟ್ಟಿನ ತಲೆನೋವು ಅದರಲ್ಲಿ ಇಲ್ಲ, ಆದರೆ ದಪ್ಪ, ಆಮ್ಲ ಎರಡೂ ಇವೆ. ಅಳೆದೇ ಬಳಸಬೇಕು.

ಅಪಾರ್ಟ್‌ಮೆಂಟ್ ಕಮಿಟಿ:

ನಮ್ಮದು ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟ್. ಕರೆಂಟ್ ಹೋದಾಗ ಡಿಜಿ, ಅಂದರೆ ಡೀಸೆಲ್ ಜನರೇಟರ್, ಓಡಿಸ್ತೀವಿ. ಮನೆಮನೆಯ ಕರಿದ ಎಣ್ಣೆ ಸೇರಿಸಿ ಡಿಜಿಗೆ ಬೆರೆಸಬಹುದಾ?

ಪಂಪ್ ನಾಜಲ್:

ಬೇಡ ಸರ್. ನಿಮ್ಮದು ಇತ್ತೀಚಿನ ಸೆಟ್ ಆಗಿದ್ದರೆ 2023ರ ಜುಲೈನಿಂದ ಬಂದ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4 ಪ್ಲಸ್ ಹೊಗೆ ಮಾನದಂಡದ್ದು. ಅದರಲ್ಲಿ ಹೊಗೆ ಶುದ್ಧ ಮಾಡುವ ಭಾಗಗಳಿರುತ್ತವೆ, ಎಣ್ಣೆ ಬೆರೆಸಿದರೆ ಅವೂ ಹೋಗುತ್ತವೆ, ವಾರಂಟಿಯೂ ಹೋಗುತ್ತೆ. ಹಳೇದಾದರೂ ಬೇಡ, ಯಾಕೆಂದರೆ ಡಿಜಿ ಆಗೊಮ್ಮೆ ಈಗೊಮ್ಮೆ ಹತ್ತು ನಿಮಿಷ, ಅದೂ ಕಡಿಮೆ ಲೋಡಿನಲ್ಲಿ ಓಡುತ್ತೆ. ತಣ್ಣಗಿನ ಇಂಜಿನ್‌ಗೆ ಎಣ್ಣೆ ಹಾಕೋದೇ ದೊಡ್ಡ ತಪ್ಪು. ತೋಟದವರ ಪಂಪ್ ಫುಲ್ ಲೋಡಿನಲ್ಲಿ ಬಿಸಿಯಾಗಿ ಓಡುತ್ತೆ, ಅದಕ್ಕೇ ಅಲ್ಲಿ ಸಾಧ್ಯ.

ಅಡುಗೆ ಕಾಂಟ್ರಾಕ್ಟ್:

ಆದರೆ ಎಣ್ಣೆ ಸೇರಿಸುವ ಯೋಚನೆ ಬಿಡಬೇಡಿ ಸರ್. ಈಗ ಆ ಎಣ್ಣೆ ಎಲ್ಲಾ ಸಿಂಕ್‌ಗೆ ಹೋಗುತ್ತಿದೆ. ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿ, ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕುತ್ತೆ, ಕೊಳಚೆ ನೀರು ಶುದ್ಧ ಮಾಡುವ ನಿಮ್ಮ ಎಸ್‌ಟಿಪಿಗೂ ಅದೇ ಕಷ್ಟ. ಬ್ಲಾಕ್‌ಗೆ ಒಂದು ಮುಚ್ಚಳ ಇರುವ ಕ್ಯಾನ್ ಇಡಿ, ತುಂಬಿದಾಗ ಮಾನ್ಯತೆ ಇರುವ ಸಂಗ್ರಹಕಾರರನ್ನು ಕರೆಸಿ, ರಸೀದಿ ತಗೊಳ್ಳಿ. ಮನೆಯವರಿಗೆ ಮುಂಚೆಯೇ ಹೇಳಿ, ನೀರು ಬೆರೆಸಬೇಡಿ, ಉಪ್ಪಿನಕಾಯಿ ಎಣ್ಣೆ ಹಾಕಬೇಡಿ ಅಂತ.

ಮಾಗಡಿರೋಡ್ ತೋಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಗಾದ್ರೆ ನನ್ನ ಪ್ಲಾನ್ ಇದು. ಕಾರಿಗೆ ಇಲ್ಲ. ಭಾವನ ಎಣ್ಣೆ ಮತ್ತು ಪರಿಚಯದ ಅಡುಗೆ ಭಟ್ಟರ ಮದುವೆ ಎಣ್ಣೆ, ಎರಡೂ ಬೇರೆ ಬೇರೆ ಡ್ರಮ್. ಕೂರಿಸಿ, ಸೋಸಿ, ಅರಿಶಿನದಲ್ಲಿ ಅಳೆದು, ಡೀಸೆಲ್‌ಗೆ ಐದರಲ್ಲಿ ಒಂದು ಪಾಲು. ಎರಡು ಟ್ಯಾಂಕ್ ಆಮೇಲೆ ನೋಡೋಣ ಅಂತ. ಅದಕ್ಕೆ ಬಿಸಿ ಎಲ್ಲಿಂದ ಕೊಡೋದು? ನಮ್ಮ ಇಂಜಿನ್‌ಗೆ ರೇಡಿಯೇಟರ್ ಇಲ್ಲ, ಪಂಪಿನ ನೀರೇ ಕೂಲಿಂಗ್‌ಗೆ ಹೋಗುತ್ತೆ.

ಪಂಪ್ ನಾಜಲ್:

ಒಳ್ಳೇ ಪ್ರಶ್ನೆ. ಹೊಂಡದ ತಣ್ಣೀರು ನೇರ ಹರಿಯುವ ಕಡೆ ಸಿಲಿಂಡರ್ ಸುತ್ತ ಹರಿಯುವ ಜಾಕೆಟ್ ನೀರು 70 ಡಿಗ್ರಿ ಮುಟ್ಟಲ್ಲ. ಗೇಟ್ ವಾಲ್ವ್ ತಿರುಗಿಸಿ ಕೂಲಿಂಗ್ ನೀರು ಸ್ವಲ್ಪ ಕಡಿಮೆ ಮಾಡಬಹುದು, ಆದರೆ ಅಷ್ಟಕ್ಕೇ ನಂಬಬೇಡಿ. ಸೈಲೆನ್ಸರ್ ಪೈಪ್ ಹತ್ತಿರ ಸ್ಟೀಲ್ ಟ್ಯೂಬ್ ಹಾಯಿಸಿ ಬಿಸಿ ತಗೊಳ್ಳುತ್ತಾರೆ. ಪೈಪಿಗೆ ನೇರವಾಗಿ ಸುತ್ತಿದರೆ ಎಣ್ಣೆ ಒಳಗೇ ಸುಟ್ಟು ಕಟ್ಟುತ್ತೆ, ನಡುವೆ ಅಂತರ ಬೇಕು, ಥರ್ಮಾಮೀಟರ್ ಬೇಕು. ಇದನ್ನು ವೆಲ್ಡಿಂಗ್ ಗೊತ್ತಿರುವ ಮೆಕ್ಯಾನಿಕ್ ಕೈಲಿ ಮಾಡಿಸಿ, ಬಿಸಿ ಪೈಪ್ ಮೇಲೆ ಎಣ್ಣೆ ಸೋರಿದರೆ ಬೆಂಕಿ.

ಬೆರೆಸಿ ಓಡಿಸುವಾಗಲೂ ಡೀಸೆಲ್ ಮಾತ್ರದಲ್ಲಿ ಸ್ಟಾರ್ಟ್ ಮಾಡಿ, ನಿಲ್ಲಿಸುವ ಮುಂಚೆ ಐದು ನಿಮಿಷ ಡೀಸೆಲ್. ಡೀಸೆಲ್‌ಗೆ ಒಂದು ಚಿಕ್ಕ ಕ್ಯಾನ್, ಎರಡರಲ್ಲಿ ಬೇಕಾದ ಕಡೆಗೆ ತಿರುಗಿಸೋಕೆ ಒಂದು ತ್ರೀ ವೇ ಕಾಕ್ ಸಾಕು. ಇಂಜಿನ್ ಆಯಿಲ್ ಮಾಮೂಲಿಯಾಗಿ ಎಷ್ಟು ಗಂಟೆ ಓಡಿದ ಮೇಲೆ ಬದಲಾಯಿಸುತ್ತೀರೋ, ಅದರ ಅರ್ಧಕ್ಕೇ ಬದಲಾಯಿಸಿ. ಡಿಪ್‌ಸ್ಟಿಕ್ ತೆಗೆದಾಗ ಆಯಿಲ್ ಮಟ್ಟ ಏರಿದ್ದರೆ, ಅಥವಾ ಬೆರಳಲ್ಲಿ ಉಜ್ಜಿದಾಗ ಅಂಟಾಗಿ ದಾರದ ಹಾಗೆ ಎಳೆದುಕೊಂಡು ಬಂದರೆ, ಅವತ್ತೇ ನಿಲ್ಲಿಸಿ ಪೂರ್ತಿ ಡೀಸೆಲ್‌ಗೆ ಬನ್ನಿ. ಮೊದಲ ಸಲ ನಾಜಲ್ ಬಿಚ್ಚಿ ನೋಡೋದನ್ನು ಮುಂದೂಡಬೇಡಿ, ತಂದರೆ ಟೆಸ್ಟರ್‌ಗೆ ಹಾಕಿ ನಿಮ್ಮೆದುರೇ ತೋರಿಸ್ತೀನಿ.

ಕೆಮಿಸ್ಟ್ರಿ ಮೇಡಂ:

ಒಂದು ಮಾತು ಸೇರಿಸುತ್ತೇನೆ. ಎಣ್ಣೆ ಸೋಸಿದ ಪಂಚೆ, ಒರೆಸಿದ ಬಟ್ಟೆ, ಫೆಲ್ಟ್ ಬ್ಯಾಗ್ ಇವನ್ನು ಮುದ್ದೆ ಮಾಡಿ ಶೆಡ್ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿಯಲ್ಲಿ ಒಣಗುವಾಗ ತಾನೇ ಬಿಸಿಯಾಗುತ್ತೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ಬೆಂಕಿ ಹತ್ತಿಕೊಳ್ಳಬಹುದು, ಸೂರ್ಯಕಾಂತಿ ಎಣ್ಣೆಯದ್ದಾದರೆ ಇನ್ನೂ ಬೇಗ. ನೀರು ತುಂಬಿದ ಕಬ್ಬಿಣದ ಬಕೆಟ್‌ಗೆ ಹಾಕಿ ಮುಚ್ಚಳ ಮುಚ್ಚಿ, ಇಲ್ಲಾ ಬಿಡಿಸಿ ಒಂದೊಂದೇ ಹೊರಗಡೆ ಹರವಿ. ತಳದ ಗಸಿಯನ್ನು ಹೊಂಡದ ಕಡೆ ಹರಿಯಲು ಬಿಡಬೇಡಿ, ಅದನ್ನೂ ಒಂದು ಟಿನ್‌ನಲ್ಲಿ ಸೇರಿಸಿಟ್ಟು ಸಂಗ್ರಹ ಮಾಡುವವರಿಗೆ ಕೊಡಿ. ಅರಿಶಿನದ ಪರೀಕ್ಷೆ ಮಾಡಿದಾಗ ಯಾವ ಡ್ರಮ್‌ಗೆ ಎಷ್ಟು ಎಂಎಲ್ ಬಂತು ಅಂತ ಇಲ್ಲಿ ಹಾಕಿ, ಮದುವೆ ಎಣ್ಣೆಗೂ ಹೋಟೆಲ್ ಎಣ್ಣೆಗೂ ಎಷ್ಟು ವ್ಯತ್ಯಾಸ ಬರುತ್ತೆ ಅಂತ ನನಗೂ ನೋಡಬೇಕು.